ಎಲಿಯೊ ಮೂರು ಚಕ್ರದ ಗಾಡಿ: ಎಂಜಿನ್ ಆಯ್ಕೆಯೇ ಇಷ್ಟು ವರ್ಷ ಕಾಯಿಸಿತಾ?

ತುಂಗಾತೀರ:

ಕಡಿಮೆ ಬೆಲೆಯ ಗಾಡಿಗಳ ಮಾತು ಬಂದಾಗೆಲ್ಲ ಇಲ್ಲಿ ಯಾರಾದರೂ ಎಲಿಯೊ ಹೆಸರು ಎತ್ತುತ್ತಾರೆ. ಪ್ರತಿ ಸಲ ಅರ್ಧ ಮಾತಾಡಿ ಬಿಡುತ್ತೇವೆ. ಅದಕ್ಕೇ ಈ ಎಳೆ. ಪೂರ್ತಿ ಮಾತಾಡೋಣ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಎಲಿಯೊ ಮೋಟಾರ್ಸ್ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಊರಿನ ಕಂಪನಿ. 2009ರಲ್ಲಿ ಪಾಲ್ ಎಲಿಯೊ ಇದನ್ನು ಶುರು ಮಾಡಿದರು. ಗಾಡಿಗೆ ಮುಂದೆ ಎರಡು ಚಕ್ರ, ಹಿಂದೆ ಒಂದು. ಎರಡು ಸೀಟು, ಒಬ್ಬರ ಹಿಂದೆ ಒಬ್ಬರು ಕೂರಬೇಕು. ಪೂರ್ತಿ ಮುಚ್ಚಿದ ಬಾಡಿ, ಎಸಿ, ಏರ್‌ಬ್ಯಾಗ್ ಎಲ್ಲ ಇರುತ್ತದೆ ಎಂದರು. ಬೆಲೆ 6,800 ಡಾಲರ್ ಎಂದರು. 2013ರ ಲೆಕ್ಕದಲ್ಲಿ ಸುಮಾರು 4 ಲಕ್ಷ ರೂಪಾಯಿ. ಹೈವೇಯಲ್ಲಿ ಗ್ಯಾಲನ್‌ಗೆ 84 ಮೈಲಿ ಕೊಡುತ್ತದೆ ಎಂದರು. ನಮ್ಮ ಲೆಕ್ಕದಲ್ಲಿ ಲೀಟರಿಗೆ 35 ಕಿ.ಮೀ.ಗಿಂತ ಜಾಸ್ತಿ.

ಸುಮಾರು 65,000 ಜನ ಬುಕ್ ಮಾಡಿದರು. ಗಾಡಿ 2014ಕ್ಕೆ ಬರುತ್ತದೆ ಎಂದಿದ್ದು 2015 ಆಯಿತು, 2016 ಆಯಿತು, ಹಾಗೇ ಮುಂದೆ ಹೋಯಿತು. ಇವತ್ತಿನವರೆಗೂ ಒಬ್ಬ ಗಿರಾಕಿಯ ಕೈಗೂ ಗಾಡಿ ಬಂದಿಲ್ಲ.

ಎಲ್ಲರೂ ದುಡ್ಡು ಸಾಲಲಿಲ್ಲ ಎನ್ನುತ್ತಾರೆ. ಅದು ನಿಜ. ಆದರೆ ದುಡ್ಡು ಯಾಕೆ ಅಷ್ಟು ಬೇಕಾಯಿತು? ನನ್ನ ಪ್ರಕಾರ ದೊಡ್ಡ ಕಾರಣ ಎಂಜಿನ್. ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ಎಂಜಿನ್ ಹಾಕುವ ಬದಲು ತಮ್ಮದೇ ಹೊಸ ಎಂಜಿನ್ ಮಾಡಿಸಲು ಹೊರಟರು. ಜರ್ಮನಿ ಮೂಲದ ಐಎವಿ ಎಂಬ ಎಂಜಿನಿಯರಿಂಗ್ ಕಂಪನಿಗೆ ಕೆಲಸ ಕೊಟ್ಟರು. 0.9 ಲೀಟರ್, ಮೂರು ಸಿಲಿಂಡರ್, 55 ಎಚ್‌ಪಿ. ಎಂಜಿನ್ ಚೆನ್ನಾಗಿಯೇ ಇತ್ತು ಅನಿಸುತ್ತದೆ. ಆದರೆ ಅಷ್ಟು ಸಣ್ಣ ಕಂಪನಿಗೆ ಅದು ಬೇಕಿತ್ತಾ?

ಗಾಡಿಯ ಮೈಲೇಜ್ ಬಹುಪಾಲು ಬರುವುದು ಅದರ ಆಕಾರದಿಂದ. ಹೈವೇ ವೇಗದಲ್ಲಿ ಎಂಜಿನ್ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಇಬ್ಬರನ್ನು ಅಕ್ಕಪಕ್ಕ ಕೂರಿಸದೆ ಹಿಂದೆ ಮುಂದೆ ಕೂರಿಸಿದರೆ ಗಾಡಿಯ ಅಗಲ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಗಾಳಿಗೆ ಎದುರಾಗುವ ಮುಖವೂ ಅಷ್ಟೇ ಕಡಿಮೆ. ಪಾಲ್ ಎಲಿಯೊ ಈ ಉಪಾಯ ಆರಿಸಿಕೊಂಡರು, ಅದಕ್ಕೆ ನನ್ನ ಪೂರ್ತಿ ಮೆಚ್ಚುಗೆ ಇದೆ. ಆಕಾರ ಇಷ್ಟು ಕೆಲಸ ಮಾಡುತ್ತಿರುವಾಗ ಹಳೆಯ, ನಂಬಿಕಸ್ಥ ಎಂಜಿನ್ ಹಾಕಿ 60 ಮೈಲಿ ಕೊಟ್ಟಿದ್ದರೂ ಜನ ತೆಗೆದುಕೊಳ್ಳುತ್ತಿದ್ದರು. ನೀವೇನು ಹೇಳುತ್ತೀರಿ?


ಗ್ಯಾರೇಜ್ ಗೌಡ, ತುಮಕೂರು:

ಸರ್, ನೂರಕ್ಕೆ ನೂರು ಒಪ್ಪುತ್ತೇನೆ. ಎಲಿಯೊದ ಮೊದಮೊದಲ ಮಾದರಿ ಗಾಡಿಗಳು ಓಡಿದ್ದೇ ಜಿಯೋ ಮೆಟ್ರೋ ಕಾರಿನ ಎಂಜಿನ್ ಮೇಲೆ. ಅದು ಸುಜುಕಿಯ 993 ಸಿಸಿ, ಮೂರು ಸಿಲಿಂಡರ್. ನಮ್ಮ ಮಾರುತಿ 800ರ 796 ಸಿಸಿ ಎಂಜಿನ್ ಬಿಚ್ಚಿದವರಿಗೆ ಈ ಜಾತಿ ಹೊಸದಲ್ಲ. 37 ಎಚ್‌ಪಿ ಇಟ್ಟುಕೊಂಡು ಆ ಕಾರು ಐದು ಜನರನ್ನು, ಮೇಲೆ ಕ್ಯಾರಿಯರ್ ಲಗೇಜನ್ನು ಹೊತ್ತು ಚಾರ್ಮಾಡಿ ಘಾಟಿ ಹತ್ತಿದೆ. ಎಲಿಯೊ ತೂಕ 560 ಕಿಲೋ ಆಸುಪಾಸು ಎಂದು ಹೇಳಿದ್ದರು, ಕೂರುವವರು ಇಬ್ಬರೇ. ಅದಕ್ಕೆ 55 ಎಚ್‌ಪಿ ಯಾಕೆ?

ಮೂರು ಸಿಲಿಂಡರ್ ಎಂಜಿನ್ ಐಡ್ಲಿಂಗ್‌ನಲ್ಲಿ ಸ್ವಲ್ಪ ನಡುಗುತ್ತದೆ, ನಿಜ. ಒಂದು ತುದಿಯ ಪಿಸ್ಟನ್ ಮೇಲೆ ಹೋಗುವಾಗ ಇನ್ನೊಂದು ತುದಿಯದು ಕೆಳಗೆ ಬರುತ್ತಿರುತ್ತದೆ, ಎಂಜಿನ್ ಉದ್ದಕ್ಕೆ ತೂಗಾಡಿದ ಹಾಗಾಗುತ್ತದೆ. ಒಳ್ಳೆ ಮೌಂಟಿಂಗ್ ರಬ್ಬರ್ ಹಾಕಿದರೆ ಡ್ರೈವರ್‌ಗೆ ಗೊತ್ತೇ ಆಗಲ್ಲ. ನನ್ನ ಗ್ಯಾರೇಜಿಗೆ ಬರುವ 800ಗಳಲ್ಲಿ ನಡುಕದ ದೂರು ಅಂದರೆ ಹೆಚ್ಚಿನವು ಮೌಂಟಿಂಗ್ ಹೋಗಿರುವ ಗಾಡಿಗಳೇ.

ಆ ಮೆಟ್ರೋ ಗಾಡಿಯ ಎಕ್ಸ್‌ಎಫ್‌ಐ ಅನ್ನುವ ಮಾಡೆಲ್ 1990ರ ಹೊತ್ತಿಗೇ ಹೈವೇಯಲ್ಲಿ 58 ಮೈಲಿ ಎಂದು ಸರ್ಕಾರದ ರೇಟಿಂಗ್ ಪಡೆದಿತ್ತು. ಅದು ನಾಲ್ಕು ಚಕ್ರದ, ಅಗಲದ ಕಾರು. ಅದೇ ಎಂಜಿನ್ ಸಪೂರ ಬಾಡಿಯಲ್ಲಿ ಇನ್ನೆಷ್ಟು ಕೊಡುತ್ತಿತ್ತು ಯೋಚಿಸಿ.


ಮಿಶಿಗನ್ ಕನ್ನಡಿಗ:

ನಾನು ಇಲ್ಲಿ ವಾಹನ ಬಿಡಿಭಾಗಗಳ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ಎಲಿಯೊಗೂ ನನಗೂ ಸಂಬಂಧ ಇಲ್ಲ. ಆದರೆ ಸಿದ್ಧ ಎಂಜಿನ್ ತಂದು ಕೂರಿಸುವುದು ಹೊರಗಿನಿಂದ ಕಾಣುವಷ್ಟು ಸುಲಭ ಅಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೌಡ್ರೇ, ಮೆಟ್ರೋ ಕಾರು ಅಮೆರಿಕದಲ್ಲಿ 2001ಕ್ಕೇ ನಿಂತುಹೋಯಿತು. ಹಳೆಯ ಎಂಜಿನ್ ಒಂದನ್ನು ಗುಜರಿಯಿಂದ ತಂದು ಮಾದರಿ ಗಾಡಿ ಓಡಿಸಬಹುದು. ಎಲಿಯೊ ಅಂದುಕೊಂಡಿದ್ದು ವರ್ಷಕ್ಕೆ 2,50,000 ಗಾಡಿ. ಅಷ್ಟು ಎಂಜಿನ್ ಯಾರ ಹತ್ತಿರ ಸುಮ್ನೆ ಬಿದ್ದಿರುತ್ತದೆ? ಯಾವ ಕಾರು ಕಂಪನಿಯೂ ತನ್ನ ಎಂಜಿನ್ ಲೈನನ್ನು ತನ್ನ ಕಾರುಗಳಿಗೆ ಬೇಕಾದಷ್ಟಕ್ಕೇ ಕಟ್ಟಿರುತ್ತದೆ. ಹೊರಗಿನವರಿಗೆ ಕೊಡಬೇಕಾದರೆ ಲೈನ್ ದೊಡ್ಡದು ಮಾಡಬೇಕು. ಆ ಖರ್ಚು ಯಾರು ಕೊಡಬೇಕು? ಅದೂ ಅಲ್ಲದೆ, ಎಂಜಿನ್ ಕೊಡುವವನೇ ನಾಳೆ ಪೈಪೋಟಿಗೆ ನಿಂತರೆ ನಿಮ್ಮ ಕಥೆ ಮುಗಿಯಿತು.

ಎರಡನೆಯದು, ಗಾಡಿಯ ಶೇ 90ರಷ್ಟು ಭಾಗ ಉತ್ತರ ಅಮೆರಿಕದ್ದೇ ಇರುತ್ತದೆ ಎಂದು ಎಲಿಯೊ ಮೊದಲಿನಿಂದ ಹೇಳಿಕೊಂಡು ಬಂದಿತ್ತು. ಜನರ ಬೆಂಬಲ ಸಿಕ್ಕಿದ್ದರಲ್ಲಿ ಆ ಮಾತಿನ ಪಾಲು ದೊಡ್ಡದು. ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ 2012ರಲ್ಲಿ ಮುಚ್ಚಿತ್ತು. ಹಮ್ಮರ್ ಎಚ್3 ಮಾಡುತ್ತಿದ್ದ ಜಾಗ ಅದು. ಅಲ್ಲೇ ಗಾಡಿ ಮಾಡುತ್ತೇವೆ, 1,500 ಜನರಿಗೆ ಕೆಲಸ ಕೊಡುತ್ತೇವೆ ಎಂದು 2013ರ ಜನವರಿಯಲ್ಲಿ ಪ್ರಕಟಿಸಿದರು. ಕೆಲಸ ಕಳೆದುಕೊಂಡ ಊರಿಗೆ ಅದು ಎಷ್ಟು ದೊಡ್ಡ ಮಾತು ಅಂತ ಇಲ್ಲಿದ್ದವರಿಗೆ ಗೊತ್ತು. ಜಪಾನಿನಿಂದಲೋ ಭಾರತದಿಂದಲೋ ಎಂಜಿನ್ ತರಿಸಿ ಕೂರಿಸಿದರೆ ಆ ಶೇ 90 ಎಲ್ಲಿ ಉಳಿಯುತ್ತಿತ್ತು?

ಮೂರನೆಯದು ಜಾಸ್ತಿ ಜನ ಗಮನಿಸದ ವಿಷಯ. ಅಮೆರಿಕದ ಇಂಧನ ಇಲಾಖೆಯ ಒಂದು ಸಾಲ ಯೋಜನೆ ಇದೆ, ಎಟಿವಿಎಂ ಅಂತ. 2010ರಲ್ಲಿ ಟೆಸ್ಲಾಗೆ 46.5 ಕೋಟಿ ಡಾಲರ್ ಸಾಲ ಸಿಕ್ಕಿದ್ದು ಇದೇ ಯೋಜನೆಯಿಂದ. ಮೊದಲು ಅದರಲ್ಲಿ ಮೂರು ಚಕ್ರದ ಗಾಡಿಗೆ ಜಾಗ ಇರಲಿಲ್ಲ. 2009ರಲ್ಲಿ ಕಾನೂನು ತಿದ್ದಿ, ಪೂರ್ತಿ ಮುಚ್ಚಿದ, ಕನಿಷ್ಠ ಇಬ್ಬರು ದೊಡ್ಡವರು ಕೂರುವ, ಗ್ಯಾಲನ್‌ಗೆ 75 ಮೈಲಿಯಾದರೂ ಕೊಡುವ ಗಾಡಿಗೂ ಸಾಲ ಕೊಡಬಹುದು ಎಂದು ಸೇರಿಸಿದರು. ಎಲಿಯೊ ಈ ಸಾಲಕ್ಕೆ ಅರ್ಜಿ ಹಾಕಿತ್ತು.

ಈಗ ಆ 75 ನೋಡಿ, ಎಲಿಯೊ ಹೇಳಿದ 84 ನೋಡಿ. ತುಂಗಾತೀರ ಅವರು ಹೇಳಿದ 60 ಮೈಲಿಯ ಗಾಡಿ ಜನರಿಗೆ ಸಾಕಾಗಿರಬಹುದು. ಆ ಸಾಲದ ಗೆರೆ ದಾಟುತ್ತಿರಲಿಲ್ಲ. ಎಂಜಿನ್ ಆಯ್ಕೆಯ ಹಿಂದೆ ಈ ಗೆರೆಯೂ ಇತ್ತು ಎಂಬುದು ನನ್ನ ಊಹೆ.


ತುಂಗಾತೀರ:

ಈ 75ರ ವಿಷಯ ತುಂಬಾ ಉಪಯೋಗದ್ದು, ಧನ್ಯವಾದ. ಅದನ್ನು ಇಟ್ಟುಕೊಂಡು ನೋಡಿದರೆ ನನ್ನ ವಾದ ಇನ್ನೂ ಗಟ್ಟಿಯಾಗುತ್ತದೆ. ಸಿಗುತ್ತೋ ಇಲ್ಲವೋ ಗೊತ್ತಿಲ್ಲದ ಸಾಲಕ್ಕೆ ತಕ್ಕ ಹಾಗೆ ಗಾಡಿಯ ಗುರಿ ಇಟ್ಟುಕೊಂಡರೆ, ಆ ಗುರಿಗೆ ಹೊಸ ಎಂಜಿನ್ ಬೇಕಾಗುತ್ತದೆ. ಹೊಸ ಎಂಜಿನ್‌ಗೆ ಆ ಸಾಲವೇ ಬೇಕಾಗುತ್ತದೆ. ಹೊರಗೆ ಬರುವ ದಾರಿ ಎಲ್ಲಿ? ಸಾಲ ಕೊನೆಗೂ ಬರಲಿಲ್ಲ.

ಹೊಸ ಎಂಜಿನ್ ಅಂದರೆ ಏನೇನು ಎಂದು ಕೇಳುವವರಿಗೆ ಸ್ವಲ್ಪ ಹೇಳುತ್ತೇನೆ, ನಾನು ಈ ಕೆಲಸದ ಒಂದು ಮೂಲೆಯಲ್ಲಿ ಇದ್ದವನು. ಡ್ರಾಯಿಂಗ್ ಮಾಡಿ, ಕೈಯಲ್ಲಿ ಒಂದೆರಡು ಎಂಜಿನ್ ಕಟ್ಟಿ, ಟೆಸ್ಟ್ ಬೆಂಚ್ ಮೇಲೆ ಓಡಿಸುವುದು ಶುರು ಮಾತ್ರ. ಅಲ್ಲಿವರೆಗೆ ಎಲಿಯೊ ಮುಟ್ಟಿತ್ತು. ಆಮೇಲೆ ಬ್ಲಾಕ್ ಮತ್ತು ಹೆಡ್‌ಗೆ ಎರಕದ ಅಚ್ಚು ಬೇಕು. ಅಚ್ಚು ಒಂದು ಸಲ ಮಾಡಿದರೆ ಬದಲಾಯಿಸುವುದು ಬಲು ದುಬಾರಿ. ಕ್ರ್ಯಾಂಕ್, ಕ್ಯಾಮ್ ಅರೆಯುವ ಯಂತ್ರಗಳ ಸಾಲು ಬೇಕು. ಎಂಜಿನ್‌ಗಳನ್ನು ನೂರಾರು ಗಂಟೆ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ ಬಿಚ್ಚಿ ಸವೆತ ನೋಡಬೇಕು. ಚಳಿಯಲ್ಲಿ ಸ್ಟಾರ್ಟ್, ಬೇಸಿಗೆಯಲ್ಲಿ ಎಸಿ ಹಾಕಿ ಟ್ರಾಫಿಕ್‌ನಲ್ಲಿ ನಿಲ್ಲುವುದು, ಎತ್ತರದ ಊರು, ಕೆಟ್ಟ ಪೆಟ್ರೋಲ್, ಎಲ್ಲದಕ್ಕೂ ಇಸಿಯುವಿನಲ್ಲಿ, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿನಲ್ಲಿ, ಲೆಕ್ಕ ಕೂರಿಸಬೇಕು. ಹೊಗೆಯ ಪರೀಕ್ಷೆಯ ಸರ್ಟಿಫಿಕೇಟ್ ಬೇರೆ. ಒಂದು ಕಡೆ ಎಡವಿದರೆ ಹಿಂದಿನ ನಾಲ್ಕು ಹೆಜ್ಜೆ ಮತ್ತೆ ಇಡಬೇಕು.

ಮೋಟಾರ್‌ಸೈಕಲ್ ಎಂಜಿನ್ ಹಾಕಬಹುದಿತ್ತಲ್ವಾ ಎಂದು ಕೆಲವರು ಕೇಳುತ್ತಾರೆ. ಅದನ್ನು ನಾನೂ ಒಪ್ಪುವುದಿಲ್ಲ. ದೊಡ್ಡ ಬೈಕ್ ಎಂಜಿನ್ ಶಕ್ತಿ ಕೊಡುವುದು ಆರ್‌ಪಿಎಂ ಮೇಲೆ ಏರಿದಾಗ. ಇಬ್ಬರು ಕೂತು, ಎಸಿ ಹಾಕಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವ ಗಾಡಿಗೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಬೇಕು. ಬೈಕ್‌ಗೆ ರಿವರ್ಸ್ ಗೇರೂ ಇರಲ್ಲ. ನಾನು ಹೇಳುತ್ತಿರುವುದು ಚಿಕ್ಕ ಕಾರಿನ ಎಂಜಿನ್ ಬಗ್ಗೆ. ವರ್ಷಕ್ಕೆ ಎರಡೂವರೆ ಲಕ್ಷ ಎನ್ನದೆ ಮೊದಲ ಕೆಲವು ಸಾವಿರ ಗಾಡಿಗೆ ಕೊಂಡ ಎಂಜಿನ್ ಹಾಕಿ, ರಸ್ತೆಗೆ ಇಳಿಸಿ, ಆ ಹೆಸರಿನ ಮೇಲೆ ಹೊಸ ಎಂಜಿನ್‌ಗೆ ಬಂಡವಾಳ ಕೇಳಬಹುದಿತ್ತು.


ಲೆಕ್ಕದ ಮೇಷ್ಟ್ರು:

ಕೆಲವು ಸಾವಿರ ಗಾಡಿಗೆ 6,800 ಡಾಲರ್ ಬೆಲೆ ಹೊಂದುವುದಿಲ್ಲ, ತುಂಗಾತೀರ ಅವರೇ. ಆ ಬೆಲೆ ನಿಂತಿರುವುದೇ ಎರಡೂವರೆ ಲಕ್ಷದ ಮೇಲೆ. ಅಚ್ಚಿನ ಖರ್ಚು, ಪರೀಕ್ಷೆಯ ಖರ್ಚು ಎಲ್ಲ ಲಕ್ಷಾಂತರ ಗಾಡಿಗೆ ಹಂಚಿದಾಗ ಮಾತ್ರ ಒಂದೊಂದು ಗಾಡಿಯ ಮೇಲೆ ಕಡಿಮೆ ಬೀಳುತ್ತದೆ. ಕಡಿಮೆ ಗಾಡಿ ಮಾಡಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಬುಕಿಂಗ್ ಬಿದ್ದುಹೋಗುತ್ತದೆ.

ಆರೆಗಾನ್ ರಾಜ್ಯದ ಆರ್ಕಿಮೊಟೊ ಕಂಪನಿಯನ್ನು ನೋಡಿ. ಮೂರು ಚಕ್ರದ ಎಲೆಕ್ಟ್ರಿಕ್ ಗಾಡಿ, 11,900 ಡಾಲರ್‌ಗೆ ಕೊಡುವುದು ಗುರಿ ಎಂದಿದ್ದರು. ಗಾಡಿಯನ್ನು ನಿಜವಾಗಿಯೂ ರಸ್ತೆಗೆ ಇಳಿಸಿದರು, ಆ ಮಟ್ಟಿಗೆ ಎಲಿಯೊಗಿಂತ ಮುಂದೆ ಹೋದರು. ಆದರೆ ಸಣ್ಣ ಸಂಖ್ಯೆಯಲ್ಲಿ ಮಾಡಿದ್ದರಿಂದ ಆ ಬೆಲೆ ಮುಟ್ಟಲು ಆಗಲೇ ಇಲ್ಲ, ಕೊನೆಗೆ ಕಂಪನಿಯೇ ಕಷ್ಟಕ್ಕೆ ಬಿತ್ತು. ಅಗ್ಗದ ಗಾಡಿಗೆ ಸಣ್ಣ ಶುರುವಾತು ಅನ್ನುವುದು ತುಂಬಾ ಕಷ್ಟದ ದಾರಿ.

ದುಡ್ಡಿನ ಕಡೆಗೆ ಬರೋಣ. ಸಾಮಾನ್ಯ ಜನರಿಂದ ನೇರವಾಗಿ ಬಂಡವಾಳ ಎತ್ತಲು ಅಮೆರಿಕ 2015ರಲ್ಲಿ ರೆಗ್ಯುಲೇಷನ್ ಎ ಪ್ಲಸ್ ಎಂಬ ನಿಯಮ ಜಾರಿ ಮಾಡಿತು. ಅದನ್ನು ಮೊದಲು ಬಳಸಿಕೊಂಡವರಲ್ಲಿ ಎಲಿಯೊ ಒಂದು. ಷೇರಿಗೆ 12 ಡಾಲರ್‌ನಂತೆ ಸುಮಾರು 1.7 ಕೋಟಿ ಡಾಲರ್ ಎತ್ತಿದರು. 2016ರ ಫೆಬ್ರವರಿಯಲ್ಲಿ ಷೇರು ವಹಿವಾಟಿಗೆ ಬಂತು, ಶುರುವಿನಲ್ಲಿ ಬೆಲೆ ಸಿಕ್ಕಾಪಟ್ಟೆ ಏರಿತು ಕೂಡ. ಆದರೆ ಉತ್ಪಾದನೆ ಶುರು ಮಾಡಲು ಇನ್ನೂ 37 ಕೋಟಿ ಡಾಲರ್‌ಗಿಂತ ಹೆಚ್ಚು ಬೇಕು ಎಂದು ಕಂಪನಿಯೇ ತನ್ನ ದಾಖಲೆಯಲ್ಲಿ ಬರೆದಿತ್ತು. 1.7 ಎಲ್ಲಿ, 37 ಎಲ್ಲಿ? ಆ ವರ್ಷದ ಕೊನೆಗೆ ಬ್ಯಾಂಕಿನಲ್ಲಿ ಉಳಿದಿದ್ದು ಸುಮಾರು 1.2 ಲಕ್ಷ ಡಾಲರ್ ಅಷ್ಟೇ. ಇದೆಲ್ಲ ಗುಟ್ಟಲ್ಲ. ಷೇರು ಮಾರುಕಟ್ಟೆ ನಿಯಂತ್ರಕರಿಗೆ ಅವರೇ ಸಲ್ಲಿಸಿದ ಕಾಗದದಲ್ಲಿದೆ. ಓದುವ ತಾಳ್ಮೆ ಎಷ್ಟು ಜನರಿಗೆ ಇತ್ತು ಅನ್ನುವುದೇ ಪ್ರಶ್ನೆ.

ಪೆಟ್ರೋಲ್ ಬೆಲೆಯೂ ಕೈಕೊಟ್ಟಿತು. 2014ರ ಮಧ್ಯದವರೆಗೆ ಅಲ್ಲಿ ಗ್ಯಾಲನ್‌ಗೆ ಮೂರೂವರೆ ಡಾಲರ್ ಆಸುಪಾಸು ಇತ್ತು. 2016ರ ಆರಂಭದಲ್ಲಿ 2 ಡಾಲರ್‌ಗಿಂತ ಕೆಳಗೆ ಬಂತು. 84 ಮೈಲಿ ಎಂಬ ಮಾತಿಗೆ ಹೂಡಿಕೆದಾರರ ಕಿವಿ ಆಗ ನೆಟ್ಟಗಾಗಲಿಲ್ಲ.


ಕೆಂಪು ಬಸ್ಸು:

ಎಲ್ಲರೂ ಎಂಜಿನ್, ಬಂಡವಾಳ ಎನ್ನುತ್ತಿದ್ದೀರಿ. ಕಾಯುತ್ತಾ ಕೂತವರ ಬಗ್ಗೆ ಯಾರೂ ಮಾತಾಡಲಿಲ್ಲ.

ಎಲಿಯೊ ಬುಕಿಂಗ್‌ನಲ್ಲಿ ಎರಡು ಥರ ಇತ್ತು. ಒಂದು, ಬೇಡ ಅಂದರೆ ದುಡ್ಡು ವಾಪಸ್. ಇನ್ನೊಂದು, ವಾಪಸ್ ಇಲ್ಲ. 100 ಡಾಲರ್‌ನಿಂದ 1,000 ಡಾಲರ್‌ವರೆಗೆ ಕಟ್ಟಬಹುದಿತ್ತು. ವಾಪಸ್ ಬೇಡ ಎಂದವರಿಗೆ ಸಾಲಿನಲ್ಲಿ ಮುಂದಿನ ಜಾಗ, ಬೆಲೆಯಲ್ಲಿ ಸ್ವಲ್ಪ ಹೆಚ್ಚಿನ ರಿಯಾಯಿತಿ. ಬಹಳ ಜನ ಈ ಎರಡನೆಯದನ್ನೇ ಆರಿಸಿಕೊಂಡರು. ಯಾರು ಅವರು? 6,800 ಡಾಲರ್‌ನ ಗಾಡಿಗೆ ಆಸೆಪಟ್ಟವರು. ಅಂದರೆ ದಿನಾ ದೂರದ ಕೆಲಸಕ್ಕೆ ಹಳೆಯ ಕಾರಿನಲ್ಲಿ ಹೋಗುವವರು, ಪೆಟ್ರೋಲ್ ಖರ್ಚಿಗೆ ಹೆದರುವವರು. ಅವರ ದುಡ್ಡಿನಲ್ಲಿ ಎಂಜಿನ್ ಪ್ರಯೋಗ ನಡೆಯಬಾರದಿತ್ತು. ಪ್ರಯೋಗಕ್ಕೆ ಬೇರೆ ಬಂಡವಾಳ ಇರಬೇಕು. ಬುಕಿಂಗ್ ದುಡ್ಡು ಮುಟ್ಟದ ಹಾಗೆ ಬೇರೆ ಖಾತೆಯಲ್ಲಿ ಇರಬೇಕು. 2017ರಲ್ಲಿ ಲೂಯಿಸಿಯಾನಾದ ಮೋಟಾರು ವಾಹನ ಆಯೋಗ, ಲೈಸೆನ್ಸ್ ಇಲ್ಲದೆ ಬುಕಿಂಗ್ ತೆಗೆದುಕೊಂಡರು ಎಂದು ಎಲಿಯೊಗೆ ಐದು ಲಕ್ಷ ಡಾಲರ್‌ಗೂ ಹೆಚ್ಚು ದಂಡ ಹಾಕಿತು.

ನಾನು ಕೂಡ ಇಲ್ಲಿ ಒಂದು ಎಲೆಕ್ಟ್ರಿಕ್ ಸ್ಕೂಟರ್ ಬುಕ್ ಮಾಡಿ ಕಾದವಳು. ಕಂಪನಿಯ ಹೆಸರು ಬೇಡ. ಪ್ರತಿ ತಿಂಗಳು "ಮುಂದಿನ ತಿಂಗಳು" ಎನ್ನುವ ಮೆಸೇಜ್ ಬರುತ್ತಿತ್ತು. ಆ ಸ್ಕೂಟರ್ ಬರುತ್ತದೆ ಎಂದು ಬೇರೆ ಗಾಡಿ ತೆಗೆದುಕೊಳ್ಳದೆ ವೈಟ್‌ಫೀಲ್ಡ್‌ಗೆ ಬಸ್ಸು ಬದಲಿಸಿ ಬದಲಿಸಿ ಹೋದೆ. ಮಗುವನ್ನು ಡೇ ಕೇರ್‌ನಿಂದ ಕರೆತರಲು ಅತ್ತೆಯವರೇ ಹೋಗಬೇಕಾಯಿತು. ಬುಕ್ ಮಾಡಿದವರ ಕಷ್ಟ ಕಟ್ಟಿದ ದುಡ್ಡಿಗಷ್ಟೇ ನಿಲ್ಲುವುದಿಲ್ಲ. ಮನೆಯ ಬೇರೆ ತೀರ್ಮಾನಗಳೂ ಅದರ ಜೊತೆ ನಿಂತುಹೋಗುತ್ತವೆ.

ನ್ಯಾನೊ ಕಾರನ್ನು ಎಲ್ಲರೂ ಬೈಯುತ್ತಾರೆ. 2009ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬುಕಿಂಗ್ ಬಂತು. ಮೊದಲ ಒಂದು ಲಕ್ಷ ಜನರನ್ನು ಲಾಟರಿ ಎತ್ತಿ ಆರಿಸಿದರು. ಕಾಯಲು ಒಪ್ಪಿದವರ ದುಡ್ಡಿಗೆ ಬಡ್ಡಿ ಕೊಟ್ಟರು. ಕಾರು ಹೇಗಾದರೂ ಇರಲಿ, ಆ ನಡತೆ ಸರಿಯಾಗಿತ್ತು.


ಮಿಶಿಗನ್ ಕನ್ನಡಿಗ:

ಕೆಂಪು ಬಸ್ಸು ಮೇಡಂ, ನೀವು ಹೇಳಿದ್ದರಲ್ಲಿ ನನಗೆ ಎದುರು ಮಾತಿಲ್ಲ. ಇಲ್ಲಿಯೇ ಇನ್ನೊಂದು ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಆಪ್ಟೆರಾ, ಅದೂ ಮುಂದೆ ಎರಡು ಹಿಂದೆ ಒಂದು ಚಕ್ರದ ಗಾಡಿ. ಮೊದಲ ಮಾದರಿಗೆ ಡೀಸೆಲ್ ಎಂಜಿನ್ ಹಾಕಿದ್ದರು. ಆಮೇಲೆ ಹೈಬ್ರಿಡ್ ಎಂದರು, ಪೂರ್ತಿ ಎಲೆಕ್ಟ್ರಿಕ್ ಎಂದರು. ಹಿಂದಿನ ಚಕ್ರಕ್ಕಿದ್ದ ಡ್ರೈವ್ ಮುಂದಕ್ಕೆ ಬಂತು. ಪ್ರತಿ ಬದಲಾವಣೆಗೂ ವರ್ಷ ಕಳೆಯಿತು. ಇಂಧನ ಇಲಾಖೆಯ ಸಾಲಕ್ಕೇ ಅವರೂ ಕಾದರು. 2011ರಲ್ಲಿ ಬುಕ್ ಮಾಡಿದವರ ದುಡ್ಡು ವಾಪಸ್ ಕೊಟ್ಟರು, ವರ್ಷದ ಕೊನೆಗೆ ಬಾಗಿಲು ಹಾಕಿದರು. 2019ರಲ್ಲಿ ಅದೇ ಸ್ಥಾಪಕರು ಅದೇ ಹೆಸರಿನಲ್ಲಿ ಮತ್ತೆ ಶುರು ಮಾಡಿದಾಗ ಜನ ಮತ್ತೆ ಸಾಲು ನಿಂತರು. ದುಡ್ಡು ವಾಪಸ್ ಬಂದಿತ್ತು ಎಂಬ ನೆನಪು ಅದಕ್ಕೆ ನೆರವಾಯಿತು ಎಂದು ನಾನು ನಂಬುತ್ತೇನೆ.

ಎಲಿಯೊ ಕೂಡ 2021ರಲ್ಲಿ ಎಲಿಯೊ-ಇ ಎಂಬ ಎಲೆಕ್ಟ್ರಿಕ್ ಗಾಡಿ ಪ್ರಕಟಿಸಿತು. ಅಷ್ಟು ವರ್ಷ ಕಾಯಿಸಿದ ಪೆಟ್ರೋಲ್ ಎಂಜಿನ್ ಬದಿಗೆ ಸರಿಯಿತು.

ಒಂದು ಮಾತು ಎಲಿಯೊ ಪರವಾಗಿ ಹೇಳಲೇಬೇಕು. ಮೂರು ಚಕ್ರದ ಗಾಡಿ ಅಮೆರಿಕದ ಕಾನೂನಿನಲ್ಲಿ ಮೋಟಾರ್‌ಸೈಕಲ್. ಕಾರಿಗೆ ಇರುವ ಡಿಕ್ಕಿ ಪರೀಕ್ಷೆಗಳು ಅದಕ್ಕೆ ಕಡ್ಡಾಯ ಅಲ್ಲ. ಆದರೂ ಅವರು ಏರ್‌ಬ್ಯಾಗ್, ಗಟ್ಟಿ ಚೌಕಟ್ಟು ಎಂದು ಕಾರಿನ ಮಟ್ಟದ ಸುರಕ್ಷತೆಯ ಗುರಿ ಇಟ್ಟುಕೊಂಡರು. ಮುಚ್ಚಿದ ಗಾಡಿಯಲ್ಲಿ ಹೆಲ್ಮೆಟ್ ಬೇಡ, ಬೈಕ್ ಲೈಸೆನ್ಸ್ ಬೇಡ ಎಂದು ಒಂದೊಂದೇ ರಾಜ್ಯದಲ್ಲಿ ಕಾನೂನು ತಿದ್ದಿಸಲು ಓಡಾಡಿದರು. ಮುಂದೆ ಇಂಥ ಗಾಡಿ ತರುವವರಿಗೆ ಆ ದಾರಿ ಸಲೀಸಾಗಿದೆ.


ಗ್ಯಾರೇಜ್ ಗೌಡ, ತುಮಕೂರು:

ಡ್ರೈವ್ ಮುಂದೆ ಹಿಂದೆ ಅನ್ನುವ ಮಾತು ಬಂತಲ್ಲ, ಎಂಜಿನ್ ಎಲ್ಲಿ ಕೂರುತ್ತದೆ ಅನ್ನುವುದೂ ಮುಖ್ಯ. ನಮ್ಮ ಆಟೋದಲ್ಲಿ ಮುಂದೆ ಒಂದು ಚಕ್ರ, ಎಂಜಿನ್ ಹಿಂದೆ. ಜೋರಾಗಿ ಬಂದು ಬ್ರೇಕ್ ಹಿಡಿದು ತಿರುಗಿಸಿದರೆ ಭಾರವೆಲ್ಲ ಮುಂದಿನ ಮೂಲೆಗೆ ನುಗ್ಗುತ್ತದೆ, ಅಲ್ಲಿ ಹಿಡಿಯಲು ಚಕ್ರವೇ ಇಲ್ಲ. ಪಲ್ಟಿ ಆಗುವುದು ಹಾಗೇ. ಎಲಿಯೊ ಥರ ಮುಂದೆ ಎರಡು ಚಕ್ರ ಇಟ್ಟು, ಅವೆರಡರ ಮಧ್ಯೆ ಎಂಜಿನ್ ಕೂರಿಸಿದರೆ ಬ್ರೇಕ್ ಹಿಡಿದಾಗ ಭಾರ ಬೀಳುವ ಕಡೆ ಎರಡು ಚಕ್ರ ಇರುತ್ತವೆ. ನೂರು ಕಿ.ಮೀ. ವೇಗದಲ್ಲಿ ಹೋಗುವ ಗಾಡಿಗೆ ಇದೇ ಸರಿ. ಎಂಜಿನ್ ಸ್ವಲ್ಪ ಭಾರ ಇದ್ದರೂ ಅಲ್ಲಿ ಅದು ಉಪಕಾರವೇ.

ಇನ್ನೊಂದು. ಬಜಾಜ್ ಕ್ಯೂಟ್ ಬಗ್ಗೆ ಯಾರೂ ಹೇಳಲಿಲ್ಲ ಯಾಕೆ? ನಾಲ್ಕು ಚಕ್ರ, ಆದರೆ ಆಟೋಗೆ ಬದಲಿ ಎಂದೇ ಮಾಡಿದ್ದು. 216 ಸಿಸಿ, ಒಂದೇ ಸಿಲಿಂಡರ್, ಪೆಟ್ರೋಲ್‌ಗೆ 35 ಕಿ.ಮೀ. ಮೈಲೇಜ್ ಅಂತ ರೇಟಿಂಗ್. ಎಲಿಯೊ ಹೇಳಿದ ಅದೇ 35! ಹೊಸ ಜಾತಿಯ ಎಂಜಿನ್ ಹುಡುಕುತ್ತಾ ಹೋಗಲಿಲ್ಲ, ತಮಗೆ ಗೊತ್ತಿದ್ದ ದಾರಿಯಲ್ಲೇ ಹೋದರು.


ತುಂಗಾತೀರ:

ಗೌಡ್ರೇ, ಕ್ಯೂಟ್ ಒಳ್ಳೆ ಹೋಲಿಕೆ. ಆದರೆ ಎರಡೂ 35 ಒಂದೇ ಅಲ್ಲ. ಕ್ಯೂಟ್‌ನ ಗರಿಷ್ಠ ವೇಗವೇ 70 ಕಿ.ಮೀ. ಎಲಿಯೊ 35 ಹೇಳಿದ್ದು ಅಮೆರಿಕದ ಹೈವೇ ವೇಗಕ್ಕೆ. ಊರೊಳಗಿನ ಲೆಕ್ಕ ಅವರೇ ಕೊಟ್ಟಿದ್ದು 49 ಮೈಲಿ, ಅಂದರೆ ಲೀಟರಿಗೆ 21 ಕಿ.ಮೀ. ಹತ್ತಿರ. ಸಿಗ್ನಲ್‌ಗಳ ಮಧ್ಯೆ ಗಾಳಿಗಿಂತ ತೂಕದ್ದೇ ಕಾಟ ಜಾಸ್ತಿ, ಸಪೂರ ಬಾಡಿಯ ಲಾಭ ಅಲ್ಲಿ ಅಷ್ಟಾಗಿ ಸಿಗುವುದಿಲ್ಲ. ಬೆಂಗಳೂರಿನಂಥ ಊರಿಗೆ ಎಲಿಯೊ ಬಂದಿದ್ದರೂ ಜನ ಅಂದುಕೊಂಡ ಮೈಲೇಜ್ ಬರುತ್ತಿರಲಿಲ್ಲ.

ಕ್ಯೂಟ್ ಕಥೆಯಲ್ಲೂ ಕಾಯುವಿಕೆ ಇದೆ. ಆರ್‌ಇ 60 ಎಂಬ ಹೆಸರಲ್ಲಿ ತೋರಿಸಿದ್ದು 2012ರಲ್ಲಿ. ಇಲ್ಲಿ ಮಾರಾಟಕ್ಕೆ ಬಂದಿದ್ದು 2019ರಲ್ಲಿ. ಗಾಡಿ ಸಿದ್ಧ ಇತ್ತು, ಹೊರದೇಶಕ್ಕೆ ಕಳಿಸುತ್ತಲೂ ಇದ್ದರು. ನಮ್ಮ ಕಾನೂನಿನಲ್ಲಿ ಅದನ್ನು ಯಾವ ಗುಂಪಿಗೆ ಸೇರಿಸಬೇಕು ಎಂಬುದೇ ತೀರ್ಮಾನ ಆಗಿರಲಿಲ್ಲ, ಕೋರ್ಟಿನಲ್ಲೂ ಮೊಕದ್ದಮೆ ಇತ್ತು. ಅಲ್ಲಿ ಕಾನೂನಿನಲ್ಲಿ ಜಾಗ ಇತ್ತು, ಗಾಡಿ ಇರಲಿಲ್ಲ. ಇಲ್ಲಿ ಗಾಡಿ ಇತ್ತು, ಕಾನೂನಿನಲ್ಲಿ ಜಾಗ ಇರಲಿಲ್ಲ.

ಕೆಂಪು ಬಸ್ಸು ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಈ ಎಳೆ ಶುರು ಮಾಡಿದ್ದೂ ಅದೇ ಸಂಕಟದಿಂದ. ನನಗೆ ಆ ಗಾಡಿ ತುಂಬಾ ಇಷ್ಟ. ದಿನಾ ಒಬ್ಬರೇ ಆಫೀಸಿಗೆ ಹೋಗಲು ಒಂದೂವರೆ ಟನ್ ಕಾರು ಎಳೆದುಕೊಂಡು ಹೋಗುವುದು ತಪ್ಪು ಎಂದು ಇವತ್ತಿಗೂ ನಂಬಿದ್ದೇನೆ. ಅಂಥ ಒಳ್ಳೆ ಯೋಚನೆ ಹೀಗೆ ನಿಂತುಹೋದರೆ, ಮುಂದೆ ಯಾರಾದರೂ ಪ್ರಾಮಾಣಿಕವಾಗಿ ತರಲು ಹೊರಟರೂ ಜನ ನಂಬುವುದಿಲ್ಲ. ಬುಕಿಂಗ್ ದುಡ್ಡು ವಾಪಸ್ ಬರುತ್ತದಾ, ಎಂಜಿನ್ ಅಥವಾ ಮೋಟಾರ್ ಈಗಾಗಲೇ ಬೇರೆ ಯಾವುದಾದರೂ ಗಾಡಿಯಲ್ಲಿ ಓಡುತ್ತಿದೆಯಾ, ಈ ಎರಡು ಪ್ರಶ್ನೆಗೆ ಹೌದು ಎಂಬ ಉತ್ತರ ಇಲ್ಲದಿದ್ದರೆ ನಾನು ಯಾರಿಗೂ ಮುಂಗಡ ಕಟ್ಟಿ ಎಂದು ಹೇಳುವುದಿಲ್ಲ.


ರಾಜಾಜಿನಗರ ಸ್ಟ್ಯಾಂಡ್:

ನಮಸ್ಕಾರ. ನಾನು ಆಟೋ ಓಡಿಸುತ್ತೇನೆ, ಎಲ್ಲ ಓದಿದೆ. ಅಮೆರಿಕದ ಗಾಡಿ ನಮಗೆ ದೂರದ ಮಾತು. ಆದರೆ ಎಂಜಿನ್ ಯಾವುದು ಅನ್ನುವ ಪ್ರಶ್ನೆ ನಮ್ಮ ಸ್ಟ್ಯಾಂಡಿನಲ್ಲೂ ದಿನಾ ಇದೆ. ಟೂ ಸ್ಟ್ರೋಕ್ ಹೋಯಿತು, ಫೋರ್ ಸ್ಟ್ರೋಕ್ ಎಲ್‌ಪಿಜಿ ಬಂತು. ಈಗ ಸಿಎನ್‌ಜಿ ಅನ್ನುತ್ತಾರೆ, ಎಲೆಕ್ಟ್ರಿಕ್ ಅನ್ನುತ್ತಾರೆ. ನನ್ನ ಗಾಡಿ ಹಳೆಯದಾಯಿತು, ಬದಲಿಸಬೇಕು. ಎಲೆಕ್ಟ್ರಿಕ್‌ಗೆ ಇಎಂಐ ಜಾಸ್ತಿ, ದಿನದ ಖರ್ಚು ಕಡಿಮೆ. ಸಿಎನ್‌ಜಿ ಬಂಕ್‌ನಲ್ಲಿ ಸಾಲು ನಿಲ್ಲಬೇಕು. ತುಂಗಾತೀರ ಸರ್, ಗೌಡ್ರೇ, ನೀವು ಯಾವುದು ತೆಗೆದುಕೊಳ್ಳುತ್ತಿದ್ದಿರಿ?


ಗ್ಯಾರೇಜ್ ಗೌಡ, ತುಮಕೂರು:

ಅಣ್ಣ, ನೀವು ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಹೇಳಿ ಮೊದಲು. ಮನೆ ಹತ್ತಿರ ಪ್ಲಗ್ ಪಾಯಿಂಟ್ ಇದ್ದು, ಮಾಲೀಕರು ಒಪ್ಪಿದರೆ ಎಲೆಕ್ಟ್ರಿಕ್ ತೆಗೆದುಕೊಳ್ಳಿ. ಆಯಿಲ್, ಪ್ಲಗ್, ಕ್ಲಚ್ ಕೇಬಲ್ ಯಾವುದರ ರಗಳೆಯೂ ಇಲ್ಲ. ಬೀದಿಯಲ್ಲಿ ನಿಲ್ಲಿಸುವುದಾದರೆ ಬೇಡ, ಚಾರ್ಜಿಂಗ್‌ಗೆ ಕಾಯುವ ಹೊತ್ತು ನಿಮ್ಮ ದುಡಿಮೆಯನ್ನು ತಿನ್ನುತ್ತದೆ. ತೆಗೆದುಕೊಳ್ಳುವ ಮುಂಚೆ ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿ.ಮೀ. ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿ ಮಾತು ಬೇಡ.


ತುಂಗಾತೀರ:

ಗೌಡ್ರು ಹೇಳಿದ್ದೇ ನನ್ನ ಮಾತೂ. ಇನ್ನೊಂದೇ ಸೇರಿಸುತ್ತೇನೆ: ನಿಮ್ಮ ಸ್ಟ್ಯಾಂಡಿನಲ್ಲಿ ಅದೇ ಮಾಡೆಲ್ ಓಡಿಸುವವರು ಇದ್ದರೆ, ಹೊಸದಾಗಿದ್ದಾಗ ಒಂದು ಚಾರ್ಜ್‌ಗೆ ಎಷ್ಟು ಓಡುತ್ತಿತ್ತು, ಈಗ ಎಷ್ಟು ಓಡುತ್ತದೆ ಎಂದು ಕೇಳಿ. ಶೋರೂಮ್‌ನವರು ಹೇಳುವ ಅಂಕಿಗಿಂತ ಅದು ನಿಮಗೆ ಉಪಯೋಗ. ಅವರು ಏನು ಹೇಳಿದರು ಎಂದು ಇಲ್ಲೇ ಬರೆಯಿರಿ, ಗಾಡಿ ಬದಲಿಸುವ ಬೇರೆಯವರಿಗೂ ಬೇಕು.


ರಾಜಾಜಿನಗರ ಸ್ಟ್ಯಾಂಡ್:

ಆಯ್ತು ಸರ್. ನಮ್ಮಲ್ಲಿ ಇಬ್ಬರ ಹತ್ತಿರ ಇದೆ. ಭಾನುವಾರ ಕೇಳಿ ಹಾಕುತ್ತೇನೆ.